ಮಗುವಿನ ಕೈಗೆ ಕೊಡುವ ಆಟಿಕೆ

ವ್ಯಾಪಾರಸ್ಥನು ತನ್ನ ಅಂಗಡಿಯ ತೂಕದ ಬಟ್ಟುಗಳನ್ನು ಕಾಲಕಾಲಕ್ಕೆ ಪರೀಕ್ಷೆಗೆ ಒಪ್ಪಿಸಿ ಮುದ್ರೆ ಹಾಕಿಸುತ್ತಾನೆ. ಮನೆಗೆ ಬಂದ ಕಾಳನ್ನು ಗೃಹಿಣಿಯು ಮೊರದಲ್ಲಿ ಕೇರಿ, ಹುಳುವಿದೆಯೇ ಎಂದು ನೋಡಿ ಒಳಗಿಡುತ್ತಾಳೆ. ಸೋಸದ ನೀರನ್ನು ಬಳಸದ ಮನೆಗಳು ಇಂದಿಗೂ ಉಂಟು. ಇಷ್ಟೆಲ್ಲ ಎಚ್ಚರವಿರುವ ಮನೆಯಲ್ಲಿಯೂ ನಾಲ್ಕು ವರ್ಷದ ಮಗುವಿಗೆಂದು ತಂದ ಆಟಿಕೆ ಮಾತ್ರ ಯಾವ ಪರೀಕ್ಷೆಯೂ ಇಲ್ಲದೆ ಹೊಸ್ತಿಲು ದಾಟುತ್ತದೆ. ಬೆಲೆ ಕೈಗೆಟುಕಿದರೆ, ಬಣ್ಣ ಕಣ್ಣಿಗೆ ಹಿಡಿಸಿದರೆ, ಮಗು ಅರ್ಧ ಗಂಟೆ ಸುಮ್ಮನಿದ್ದರೆ ಆಯ್ಕೆ ಸರಿಯಾಯಿತೆಂದು ಭಾವಿಸಲಾಗುತ್ತದೆ. ಆದರೆ ಅನ್ನ ದೇಹಕ್ಕೆ ಹೇಗೋ ಆಟ ಮನಸ್ಸಿಗೆ ಹಾಗೆ. ಮಗುವು ಒಬ್ಬನೇ ಕುಳಿತು ಕೈಯಿಂದ ಬಿಡಿಸುವ ತೊಡಕಿನ ಆಟಿಕೆಗಳನ್ನು, ಎಂದರೆ ತುಂಡುಗಳನ್ನು ಸೇರಿಸುವ, ಅಳತೆ ಹೊಂದಿಸುವ, ಗಂಟು ಬಿಡಿಸುವ ಆಟಗಳನ್ನು ಆರಿಸುವಾಗ ಗೃಹಸ್ಥನು ಏನನ್ನು ನೋಡಬೇಕು ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯ.

ಆಟಕ್ಕೆ ಧರ್ಮಾಧರ್ಮದ ಚರ್ಚೆಯೇಕೆ ಎಂದು ಕೇಳುವವರಿದ್ದಾರೆ. ಇದಕ್ಕೆ ಕನ್ನಡದಲ್ಲಿಯೇ ಎಂಟುನೂರು ವರ್ಷಗಳ ಹಿಂದೆ ಉತ್ತರ ದೊರೆತಿದೆ. 1209ರಲ್ಲಿ ಜನ್ನ ಕವಿಯು ರಚಿಸಿದ ‘ಯಶೋಧರ ಚರಿತೆ’ಯ ರಾಜನು ಜೀವಬಲಿಗೆ ಒಪ್ಪುವುದಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ದೇವಿಗೆ ಬಲಿಕೊಡುತ್ತಾನೆ. ಅದು ಹಿಟ್ಟಿನ ಬೊಂಬೆ ಮಾತ್ರ. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿ ಮಗ ಇಬ್ಬರೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲುತ್ತಾರೆ. ಕೈಯಲ್ಲಿರುವ ವಸ್ತು ಬೊಂಬೆಯೆಂಬ ಮಾತ್ರಕ್ಕೆ ಮನಸ್ಸಿನ ಕ್ರಿಯೆ ಬೊಂಬೆಯಾಗುವುದಿಲ್ಲ ಎಂಬುದು ಆ ಕಥೆಯ ತಿರುಳು.

ಹಾಗೆಂದು ಮಗುವಿನ ಆಟದಲ್ಲಿ ಪಾಪವನ್ನು ಹುಡುಕುವುದು ಸಲ್ಲದು. ಮರದ ಗೋಪುರವನ್ನು ಕೆಡವಿ ಚಪ್ಪಾಳೆ ತಟ್ಟುವ ಎಳೆಯ ಮಗುವಿಗೆ ಯಶೋಧರನ ಸಂಕಲ್ಪವಿಲ್ಲ. ಸಂಕಲ್ಪವಿರುವುದು ಆರಿಸಿ ತಂದ ಹಿರಿಯರಿಗೆ. ಕೊಂದಷ್ಟೂ ಅಂಕ ಕೊಡುವ ಆಟವನ್ನು ಪರದೆಯ ಮೇಲೆ ತೋರಿಸಿ ಮಗುವಿಗೆ ತುತ್ತು ತಿನ್ನಿಸುವವರು ಯಾವ ಅಭ್ಯಾಸಕ್ಕೆ ಬೀಜ ಬಿತ್ತುತ್ತಿದ್ದಾರೆಂದು ತಾವೇ ಕೇಳಿಕೊಳ್ಳಬೇಕು.

ಇದಕ್ಕೆ ಎದುರಾಗಿ ಹಳೆಯದೊಂದು ಸಮಸ್ಯೆಯನ್ನು ಇಟ್ಟು ನೋಡಬಹುದು. ಹುಲಿ, ಮೇಕೆ, ಹುಲ್ಲಿನ ಹೊರೆ ಈ ಮೂರನ್ನು ಹೊಳೆ ದಾಟಿಸಬೇಕು. ದೋಣಿಯಲ್ಲಿ ಒಂದಕ್ಕೇ ಜಾಗ. ಅಂಬಿಗನಿಲ್ಲದ ದಡದಲ್ಲಿ ಹುಲಿ ಮೇಕೆಯನ್ನೂ ಮೇಕೆ ಹುಲ್ಲನ್ನೂ ಬಿಡದು. ತೆಂಗಿನ ಕರಟವೊಂದು ದೋಣಿಯಾಗಿ, ಬೇರೆ ಬೇರೆ ಬಣ್ಣದ ಮೂರು ಮರದ ತುಂಡುಗಳಿದ್ದರೆ ಆರೇಳು ವರ್ಷದ ಮಗು ಇದನ್ನು ನೆಲದ ಮೇಲೆ ಆಡಬಲ್ಲದು. ಏಳು ಸಲ ಹೊಳೆ ದಾಟಿದರೆ ಕೆಲಸ ಮುಗಿಯುತ್ತದೆ. ಆದರೆ ನಾಲ್ಕನೆಯ ಸಲ, ದಾಟಿಸಿದ ಮೇಕೆಯನ್ನು ಮತ್ತೆ ಹಿಂದಕ್ಕೆ ತರಬೇಕೆಂಬುದು ಮಗುವಿಗೆ ಸುಲಭವಾಗಿ ಹೊಳೆಯುವುದಿಲ್ಲ. ಯಾರನ್ನೂ ಕಳೆದುಕೊಳ್ಳದೆ ಎಲ್ಲರನ್ನೂ ದಾಟಿಸುವುದೇ ಈ ಆಟದ ಗೆಲುವು. ಹುಲಿಯೂ ಉಳಿಯುತ್ತದೆ. ಮುಂದೆ ಹೋಗಲು ಒಮ್ಮೊಮ್ಮೆ ಹಿಂದೆ ಬರಬೇಕಾಗುತ್ತದೆಂಬ ಲೋಕನೀತಿಯನ್ನು ಯಾರ ಉಪದೇಶವೂ ಇಲ್ಲದೆ ಕೈಯೇ ಕಲಿಯುತ್ತದೆ.

ತಪ್ಪನ್ನು ತಾನೇ ತೋರಿಸುವ ವಸ್ತು

ಒಬ್ಬರೇ ಆಡುವ ಜೋಡಣೆಯ ಆಟಗಳ ಇತಿಹಾಸ ರಂಜಕವಾಗಿದೆ. 1760ರ ದಶಕದಲ್ಲಿ ಲಂಡನ್ನಿನ ನಕ್ಷೆಗಾರ ಜಾನ್ ಸ್ಪಿಲ್ಸ್‌ಬರಿ ಎಂಬವನು ಭೂಪಟವನ್ನು ತೆಳುವಾದ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಯ ಗುಂಟ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸಲು ಮಾರಿದನು. ಇಂದಿನ ಚಿತ್ರಜೋಡಣೆಯ ಆಟಕ್ಕೆ ಅದೇ ಮೂಲ. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿಯವರು 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಶಿಶುಮಂದಿರವನ್ನು ತೆರೆದು ಈ ಬಗೆಯ ಸಾಧನಗಳಿಗೆ ಶಾಸ್ತ್ರದ ರೂಪ ಕೊಟ್ಟರು. ಅವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಮಹಾಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದು, ಇಲ್ಲಿನ ಶಿಕ್ಷಕರಿಗೆ ತರಬೇತಿ ನೀಡಿದರು.

ಅವರ ಸಾಧನಗಳಲ್ಲಿ ಒಂದು ಮರದ ದಿಮ್ಮಿಯಲ್ಲಿ ಹತ್ತು ಕುಳಿಗಳೂ ಅವುಗಳಿಗೆ ಸರಿಯಾಗಿ ಹತ್ತು ಉರುಳೆಗಳೂ ಇರುತ್ತವೆ. ಪ್ರತಿ ಉರುಳೆಗೂ ಒಂದೇ ಕುಳಿ ಹೊಂದುತ್ತದೆ. ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಈ ಉರುಳೆಗಳನ್ನು ತೆಗೆದು ಇಟ್ಟು, ತೆಗೆದು ಇಟ್ಟು, ನಲವತ್ತಕ್ಕೂ ಹೆಚ್ಚು ಬಾರಿ ಮಾಡಿದುದನ್ನು ಮಾಂಟೆಸ್ಸೊರಿ ಕಂಡರು. ಸುತ್ತಲಿನ ಮಕ್ಕಳಿಂದ ಹಾಡಿಸಿದರೂ, ಅವಳನ್ನು ಕುರ್ಚಿಸಮೇತ ಎತ್ತಿ ಮೇಜಿನ ಮೇಲೆ ಕೂರಿಸಿದರೂ ಅವಳ ಏಕಾಗ್ರತೆ ಕೆಡಲಿಲ್ಲ. ಕೊನೆಗೆ ತಾನಾಗಿಯೇ ನಿಲ್ಲಿಸಿ, ನಿದ್ದೆಯಿಂದೆದ್ದವಳಂತೆ ಪ್ರಸನ್ನಳಾಗಿ ಸುತ್ತ ನೋಡಿದಳಂತೆ.

ಇಲ್ಲಿ ಗಮನಿಸಬೇಕಾದ ಗುಣವೊಂದಿದೆ. ಒಂದು ಉರುಳೆ ತಪ್ಪು ಕುಳಿಗೆ ಹೋದರೆ ಕೊನೆಯಲ್ಲಿ ಇನ್ನೊಂದು ಉರುಳೆಗೆ ಜಾಗ ಸಿಗದೆ ಉಳಿದುಬಿಡುತ್ತದೆ. ತಪ್ಪಾಗಿದೆ ಎಂದು ಹೇಳಲು ಯಾರೂ ಬೇಕಿಲ್ಲ; ವಸ್ತುವೇ ಹೇಳುತ್ತದೆ. ಲೆಕ್ಕಪತ್ರ ಬಲ್ಲವರಿಗೆ ಇದು ಪರಿಚಿತ ಅನುಭವ. ಜಮಾ ಮತ್ತು ಖರ್ಚಿನ ಮೊತ್ತ ತಾಳೆಯಾಗದಿದ್ದರೆ ಪುಸ್ತಕ ಯಾರನ್ನೂ ಬಯ್ಯುವುದಿಲ್ಲ, ಯಾರನ್ನೂ ಓಲೈಸುವುದೂ ಇಲ್ಲ. ಎಲ್ಲಿಯೋ ತಪ್ಪಿದೆ, ಹುಡುಕು ಎಂದಷ್ಟೇ ಸೂಚಿಸುತ್ತದೆ. ಹುಡುಕುವವನಿಗೆ ಅವಮಾನವಿಲ್ಲ, ಜಾರಿಕೊಳ್ಳಲು ದಾರಿಯೂ ಇಲ್ಲ. ಬೈಗುಳಕ್ಕೆ ಹೆದರಿ ತಪ್ಪನ್ನು ಮುಚ್ಚಿಡುವ ಅಭ್ಯಾಸ ಎಳವೆಯಲ್ಲಿಯೇ ಬೇರು ಬಿಡುತ್ತದೆ. ತನ್ನ ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳುವ ಅಭ್ಯಾಸವೂ ಎಳವೆಯಲ್ಲಿಯೇ ಬೇರು ಬಿಡಬೇಕು. ಪ್ರತಿಕ್ರಮಣವೆಂದು ದೊಡ್ಡವರು ಕರೆಯುವ ಕ್ರಿಯೆಯ ಮೊದಲ ಅಕ್ಷರ ಇಂತಹ ಆಟದಲ್ಲಿದೆ. ಆದುದರಿಂದ ಆಯ್ಕೆಯ ಮೊದಲ ಪ್ರಶ್ನೆ ಇದು: ಈ ಆಟಿಕೆ ಮಗುವಿನ ತಪ್ಪನ್ನು ತಾನೇ ತೋರಿಸಬಲ್ಲದೇ, ಅಥವಾ ಪ್ರತಿ ಹೆಜ್ಜೆಗೂ ಹಿರಿಯರ ತೀರ್ಪನ್ನು ಬೇಡುವುದೇ?

ಹಿರಿಯರ ಕೈ

ಆಟಿಕೆ ಎಷ್ಟೇ ಒಳ್ಳೆಯದಾದರೂ ಹಿರಿಯರ ಕೈ ನಡುವೆ ಬಂದರೆ ಅದರ ಗುಣ ಕೆಡುತ್ತದೆ. ಜವಳಿ ವ್ಯಾಪಾರಿಯೊಬ್ಬರ ಮನೆಯ ಸಂಗತಿಯನ್ನು ಉದಾಹರಣೆಯಾಗಿ ನೋಡಬಹುದು. ಐದು ವರ್ಷದ ಮೊಮ್ಮಗಳು ಇಪ್ಪತ್ತನಾಲ್ಕು ತುಂಡುಗಳ ಆನೆಯ ಚಿತ್ರವನ್ನು ಎರಡು ದಿನಗಳಿಂದ ಜೋಡಿಸುತ್ತಿದ್ದಳು. ಸೊಂಡಿಲಿನ ಒಂದು ಭಾಗ ಎಲ್ಲಿಯೂ ಕೂರುತ್ತಿರಲಿಲ್ಲ. ಮಗು ನೀರು ಕುಡಿಯಲು ಎದ್ದಾಗ, ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಅಜ್ಜ ಪ್ರೀತಿ ತಡೆಯಲಾರದೆ ಆ ತುಂಡನ್ನು ತಿರುಗಿಸಿ ಇಟ್ಟರು. ಹಿಂದಿರುಗಿದ ಮಗು ಚಿತ್ರವನ್ನು ನೋಡಿ ನಿಂತಿತು.

“ಇದನ್ನ ನಾನು ಇಟ್ಟಿಲ್ಲ. ಯಾರಿಟ್ಟರು ಅಜ್ಜ?”

“ನೀನೇ ಇಟ್ಟು ಹೋದೆಯಲ್ಲ ಪುಟ್ಟಿ, ಮರೆತೆಯಾ?”

ಮಗು ಅಜ್ಜನ ಮುಖವನ್ನೇ ನೋಡಿತು. ಬಳಿಕ ಒಂದು ಮಾತೂ ಆಡದೆ ಆನೆಯನ್ನೆಲ್ಲ ಬಿಚ್ಚಿ ಡಬ್ಬಿಗೆ ತುಂಬಿ ಮುಚ್ಚಳ ಹಾಕಿತು. ನಾಲ್ಕೈದು ದಿನ ಆ ಡಬ್ಬಿಯನ್ನು ಮುಟ್ಟಲಿಲ್ಲ.

ಅಜ್ಜನ ಉದ್ದೇಶದಲ್ಲಿ ದೋಷವಿರಲಿಲ್ಲ. ಆದರೂ ಆ ಎರಡು ನಿಮಿಷಗಳಲ್ಲಿ ಎರಡು ಅಣುವ್ರತಗಳಿಗೆ ಭಂಗ ಬಂದಿತು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಚೌರ್ಯ. ಮಗುವಿಗೆ ಸೇರಬೇಕಾದ ಸಾಧನೆಯನ್ನು, ಅದು ಕೇಳದೆ ಇರುವಾಗ, ಅದರ ಬೆನ್ನ ಹಿಂದೆ ಅಜ್ಜ ತೆಗೆದುಕೊಂಡರು. ಆಮೇಲೆ ಅದನ್ನು ಮರೆಸಲು ಅಸತ್ಯವನ್ನಾಡಿದರು. ಒಂದು ವ್ರತ ಸಡಿಲವಾದರೆ ಮತ್ತೊಂದು ತಾನಾಗಿ ಜಾರುತ್ತದೆಂದು ಹಿರಿಯರು ಹೇಳುವುದು ದೊಡ್ಡ ವ್ಯವಹಾರಗಳಿಗಷ್ಟೇ ಅನ್ವಯಿಸುವ ಮಾತಲ್ಲ. ಮಗುವಿಗೆ ನಷ್ಟವಾದುದು ಸೊಂಡಿಲಿನ ತುಂಡು ಮಾತ್ರವೂ ಅಲ್ಲ. ತನ್ನ ಕೈ ಮಾಡಿದುದೇನು, ಮಾಡದಿದ್ದುದೇನು ಎಂಬ ತಿಳಿವು ಅದಕ್ಕೆ ಸ್ಪಷ್ಟವಾಗಿತ್ತು. ತಾನು ನಂಬಿದ ಹಿರಿಯರು ಆ ತಿಳಿವನ್ನೇ ಸುಳ್ಳೆಂದರು.

ಆ ಅಜ್ಜ ವಿವೇಕಿಗಳು. ವಾರದೊಳಗೆ ಒಂದು ಸಂಜೆ ಮೊಮ್ಮಗಳನ್ನು ಕರೆದು, “ಆ ದಿನ ಸೊಂಡಿಲು ಇಟ್ಟವನು ನಾನೇ. ನೀನೇ ಇಟ್ಟೆ ಅಂತ ಹೇಳಿದ್ದು ಸುಳ್ಳು. ತಪ್ಪಾಯಿತು ಮಗೂ” ಎಂದರು. ಮಗು ತುಸು ಯೋಚಿಸಿ, “ಇನ್ಮೇಲೆ ನನ್ನ ಕೇಳಿ ಇಡು” ಎಂದು ಹೇಳಿ ಡಬ್ಬಿಯನ್ನು ತಂದಿತು. ಅರವತ್ತು ದಾಟಿದವರು ಐದು ವರ್ಷದವರ ಮುಂದೆ ಕ್ಷಮೆ ಕೇಳುವುದು ನಗುವ ವಿಷಯವೆಂದು ಯಾರಾದರೂ ಭಾವಿಸಿದರೆ, ವರ್ಷಕ್ಕೊಮ್ಮೆ ಎಲ್ಲ ಜೀವಿಗಳಲ್ಲಿ ಕ್ಷಮೆ ಬೇಡುವ ಕ್ಷಮಾವಣಿಗೆ ಅರ್ಥವೇ ಉಳಿಯದು.

ಇದರಿಂದ ಹೊರಡುವ ನಿಯಮ ಸರಳ. ಮಗು ಕೇಳುವವರೆಗೆ ಕೈ ಹಾಕಬಾರದು. ಕೇಳಿದಾಗಲೂ ಉತ್ತರವನ್ನು ಕೊಡದೆ ಒಂದು ಸುಳಿವನ್ನು ಮಾತ್ರ ಕೊಡಬೇಕು: ಅಂಚಿನ ತುಂಡುಗಳನ್ನು ಮೊದಲು ಬೇರೆ ಮಾಡಿಕೊ, ಇದನ್ನು ತಿರುಗಿಸಿ ನೋಡು. ಮುಗಿದಾಗ ಹೊಗಳಿಕೆಯ ಮಳೆ ಸುರಿಸುವ ಅಗತ್ಯವಿಲ್ಲ. ಕಂಡುದನ್ನು ಕಂಡಂತೆ ಹೇಳಿದರೆ ಸಾಕು.

ವಯಸ್ಸಿಗೆ ತಕ್ಕ ತೊಡಕು

ತೀರ ಸುಲಭವಾದ ಆಟ ಬೇಸರವನ್ನೂ, ತೀರ ಕಠಿಣವಾದುದು ಹತಾಶೆಯನ್ನೂ ತರುತ್ತದೆ. ಎರಡು ಮೂರು ವರ್ಷದ ಮಗುವಿಗೆ ಹಿಡಿಕೆಯುಳ್ಳ ನಾಲ್ಕೈದು ದೊಡ್ಡ ತುಂಡುಗಳ ಹಲಗೆ, ಒಂದರೊಳಗೊಂದು ಕೂರುವ ಬಟ್ಟಲುಗಳು, ಗೂಟಕ್ಕೆ ಪೋಣಿಸುವ ಬಳೆಗಳು ಸಾಕು. ನಾಲ್ಕೈದರ ವಯಸ್ಸಿಗೆ ಹನ್ನೆರಡರಿಂದ ಇಪ್ಪತ್ತನಾಲ್ಕು ತುಂಡುಗಳ ಚಿತ್ರ. ಆರರ ನಂತರ ಚೀನೀಯರ ಏಳು ತುಂಡುಗಳ ಟ್ಯಾನ್‌ಗ್ರಾಮ್ ಸೊಗಸಾದ ಆಟ: ಐದು ತ್ರಿಕೋಣ, ಒಂದು ಚೌಕ, ಒಂದು ಓರೆ ಚೌಕ, ಈ ಏಳರಿಂದಲೇ ಹಕ್ಕಿ, ದೋಣಿ, ಮನೆ, ಓಡುವ ಮನುಷ್ಯ. ದಪ್ಪ ರಟ್ಟಿನಲ್ಲಿ ಮನೆಯಲ್ಲಿಯೇ ಕತ್ತರಿಸಿಕೊಳ್ಳಬಹುದು. ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲ್ಯೂಕಾ 1883ರಲ್ಲಿ ಹೊರತಂದ ಹನೋಯ್ ಗೋಪುರವೂ ಹಾಗೆಯೇ. ಮೂರು ಗೂಟಗಳು, ಗಾತ್ರದ ಕ್ರಮದಲ್ಲಿ ಬಿಲ್ಲೆಗಳು. ಚಿಕ್ಕದರ ಮೇಲೆ ದೊಡ್ಡದನ್ನು ಇಡದೆ, ಒಂದೊಂದಾಗಿ ಎಲ್ಲವನ್ನೂ ಬೇರೆ ಗೂಟಕ್ಕೆ ಸಾಗಿಸಬೇಕು. ಮೂರು ಬಿಲ್ಲೆಗೆ 7 ನಡೆ, ನಾಲ್ಕಕ್ಕೆ 15, ಐದಕ್ಕೆ 31. ಒಂದು ಬಿಲ್ಲೆ ಹೆಚ್ಚಾದಂತೆ ತೊಡಕೂ ಒಂದು ಮೆಟ್ಟಲು ಏರುವುದರಿಂದ ಒಂದೇ ಆಟಿಕೆ ಹಲವು ವರ್ಷ ಬಾಳುತ್ತದೆ.

ಏಳೆಂಟು ವರ್ಷದವರಿಗೆ ಅಂಕಿಯ ಬಿಲ್ಲೆಗಳು ಹಿತ. 1ರಿಂದ 9ರವರೆಗಿನ ಒಂಬತ್ತು ಬಿಲ್ಲೆಗಳನ್ನು ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ 15 ಬರುವಂತೆ ಇಡಬೇಕು. ಅದನ್ನು ಗೆದ್ದವರಿಗೆ ಖಜುರಾಹೊ ಕಾದಿದೆ. ಅಲ್ಲಿನ ಹತ್ತನೆಯ ಶತಮಾನದ ಪಾರ್ಶ್ವನಾಥ ಜಿನಾಲಯದಲ್ಲಿ 1ರಿಂದ 16ರವರೆಗಿನ ಅಂಕಿಗಳ ಚೌಕವೊಂದನ್ನು ಕೆತ್ತಲಾಗಿದೆ. ಮೊದಲ ಸಾಲು 7, 12, 1, 14; ಎರಡನೆಯದು 2, 13, 8, 11; ಮೂರನೆಯದು 16, 3, 10, 5; ನಾಲ್ಕನೆಯದು 9, 6, 15, 4. ಯಾವ ಸಾಲನ್ನು ಕೂಡಿದರೂ 34. ಹದಿನಾರು ಮರದ ಬಿಲ್ಲೆಗಳ ಮೇಲೆ ಅಂಕಿ ಬರೆದು, ಮೊದಲ ಸಾಲನ್ನು ಮಾತ್ರ ಇಟ್ಟುಕೊಟ್ಟು ಉಳಿದುದನ್ನು ಮಗುವಿಗೆ ಬಿಡಬಹುದು. ಕರಾವಳಿಯ ಮನೆಗಳಲ್ಲಿ ಅಟ್ಟ ಸೇರಿರುವ ಚೆನ್ನೆಮಣೆಯನ್ನೂ ಇಳಿಸಬಹುದು. ಅದನ್ನು ಒಬ್ಬರೇ ಆಡುವ ಕ್ರಮಗಳೂ ಉಂಟು. ಆದರೆ ಕಾಯಿಗಳಾಗಿ ಗುಲಗಂಜಿಯನ್ನು ಎಳೆಯರ ಕೈಗೆ ಕೊಡಲಾಗದು. ಚಿನಿವಾರರ ತಕ್ಕಡಿಗೆ ತೂಕವಾಗಿದ್ದ ಆ ಚೆಂದದ ಬೀಜ ಅಗಿದು ನುಂಗಿದರೆ ವಿಷ.

ಆಯ್ಕೆಯಲ್ಲಿ ಇನ್ನೊಂದು ಎಚ್ಚರ ಬೇಕು. ಬಿಡಿಸಲಾಗದ ತೊಡಕನ್ನು ಬಿಡಿಸಬಹುದೆಂದು ನಂಬಿಸಿ ಕೊಡಬಾರದು. 1880ರಲ್ಲಿ ಅಮೆರಿಕ ಮತ್ತು ಯುರೋಪಿನ ಜನರು ಹದಿನೈದು ಅಂಕಿಗಳನ್ನು ಚೌಕಟ್ಟಿನೊಳಗೆ ಸರಿಸುವ ಆಟಕ್ಕೆ ಮರುಳಾಗಿದ್ದರು. 14 ಮತ್ತು 15 ಮಾತ್ರ ಅದಲುಬದಲಾಗಿರುವ ಜೋಡಣೆಯನ್ನು ಸರಿಪಡಿಸುವುದು ಅಸಾಧ್ಯವೆಂದು 1879ರಲ್ಲಿಯೇ ಗಣಿತದ ಪತ್ರಿಕೆಯಲ್ಲಿ ಸಿದ್ಧಪಡಿಸಲಾಗಿತ್ತು. ಹೀಗಿದ್ದೂ ಸ್ಯಾಮ್ ಲಾಯ್ಡ್ ಎಂಬ ಆಟಗಳ ಕರ್ತೃ ಅದನ್ನು ಬಿಡಿಸಿದವರಿಗೆ ಸಾವಿರ ಡಾಲರ್ ಬಹುಮಾನವನ್ನು ಸಾರಿದನು. ಆಟವನ್ನು ಕಂಡುಹಿಡಿದವನೂ ತಾನೇ ಎಂದನು. ಅದನ್ನು ರೂಪಿಸಿದವನು ನೋಯೆಸ್ ಚ್ಯಾಪ್‌ಮನ್ ಎಂಬ ಅಂಚೆ ಅಧಿಕಾರಿ. ಎಂದಿಗೂ ಕೊಡಬೇಕಾಗಿ ಬರದ ಬಹುಮಾನವನ್ನು ಸಾರುವುದು ಜಾಣತನವೆನಿಸಬಹುದು, ಸತ್ಯವ್ಯವಹಾರವೆನಿಸದು. ಅಗ್ಗದ ಡಬ್ಬಿಯಲ್ಲಿ ಒಂದು ತುಂಡು ಕಡಿಮೆ ಇದ್ದರೆ ಮಗುವಿನ ಪಾಲಿಗೆ ಅದೂ ಇಂತಹುದೇ ಮೋಸ. ಕೊಡುವ ಮೊದಲು ತುಂಡುಗಳನ್ನು ಎಣಿಸಿ ನೋಡುವುದು ಹಿರಿಯರ ಕರ್ತವ್ಯ.

ಆಟಿಕೆ ಯಾವುದರಿಂದಾಯಿತು

ದೇಹದ ಸುರಕ್ಷತೆ ಮೊದಲು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗವು 31.7 ಮಿಲಿಮೀಟರ್ ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿಯಾಗಿ ಇಳಿಯುವಂತಿರಬಾರದು. ಇಳಿದರೆ ಗಂಟಲಿಗೆ ಸಿಕ್ಕುವ ಭಯ. ಬಿಡಿ ಅಯಸ್ಕಾಂತಗಳಿರುವ ಆಟಿಕೆ ಎಳೆಯರಿಗೆ ಬೇಡವೇ ಬೇಡ. ಎರಡನ್ನು ನುಂಗಿದರೆ ಅವು ಕರುಳಿನೊಳಗೆ ಒಂದನ್ನೊಂದು ಸೆಳೆದು ಗಾಯ ಮಾಡುತ್ತವೆ. ಕಾರ್ಖಾನೆಯ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಅದನ್ನು ನೋಡಿ ಕೊಳ್ಳುವುದು ಲೇಸು.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಚನ್ನಪಟ್ಟಣದ ಬೊಂಬೆಗಳದು. ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹೊಳಪು ತರುವ ಆ ಕಸಬು ನಾಡಿನ ಹೆಮ್ಮೆ. ಆದರೆ ಅರಗು ಕೀಟಗಳ ಸ್ರಾವ. ರೆಂಬೆಗಳಿಂದ ಅದನ್ನು ಕೆರೆದು ಸಂಸ್ಕರಿಸುವಾಗ ಅಸಂಖ್ಯ ಜೀವಿಗಳು ನಾಶವಾಗುತ್ತವೆ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವನ್ನು, ಎಂದರೆ ಅರಗಿನ ವ್ಯಾಪಾರವನ್ನು, ಶಾಸ್ತ್ರಕಾರರು ಎಣಿಸಿರುವುದು ಈ ಕಾರಣದಿಂದಲೇ.

ಹಾಗಾದರೆ ಪ್ಲಾಸ್ಟಿಕ್ ಕೊಳ್ಳಬೇಕೇ? ಮುರಿದ ಪ್ಲಾಸ್ಟಿಕ್ ಕೆರೆ ಹೊಲಗಳನ್ನು ಸೇರಿ ದನಕರುಗಳ ಹೊಟ್ಟೆಗೆ ಹೋಗುವ ಹಿಂಸೆ ಕಣ್ಣೆದುರಿಗೇ ಇದೆ. ಬಡ ಕುಶಲಕರ್ಮಿಯ ಅನ್ನವನ್ನು ಕಸಿಯುವುದೂ ಕರುಣೆಯಲ್ಲ. ಈ ಇಕ್ಕಟ್ಟಿನಲ್ಲಿ ನಡುದಾರಿಯೊಂದಿದೆ. ಅದೇ ಕುಶಲಕರ್ಮಿಯಿಂದ ಬಣ್ಣ ಹಚ್ಚದ, ನಯವಾಗಿ ಉಜ್ಜಿದ ಬರಿಯ ಮರದ ತುಂಡುಗಳನ್ನು ಹೇಳಿ ಮಾಡಿಸಿಕೊಳ್ಳಬಹುದು. ಗಿರಾಕಿ ಕೇಳಿದರೆ ಕಸಬು ಬದಲಾಗುತ್ತದೆಂಬುದನ್ನು ಅಂಗಡಿಯಲ್ಲಿ ಕುಳಿತವರು ಚೆನ್ನಾಗಿ ಬಲ್ಲರು. ಮನೆಯಲ್ಲಿ ಈಗಾಗಲೇ ಇರುವ ಅರಗಿನ ಬೊಂಬೆಯನ್ನು ಎಸೆಯುವುದರಿಂದ ಯಾವ ಜೀವವೂ ಉಳಿಯದು. ಅದನ್ನು ಜೋಪಾನವಾಗಿ ಬಳಸಿ, ಮತ್ತೆ ಕೊಳ್ಳದಿರುವುದೇ ಸಮಂಜಸ.

ಎಷ್ಟು ಸಾಕು

ಮಗುವಿನ ಪೆಟ್ಟಿಗೆಯಲ್ಲಿ ನಲವತ್ತು ಆಟಿಕೆಗಳಿದ್ದರೆ ಅದು ಒಂದನ್ನೂ ಪೂರ್ತಿ ಆಡುವುದಿಲ್ಲ. ಒಂದರಲ್ಲಿ ತುಸು ತಡೆ ಬಂದೊಡನೆ ಮತ್ತೊಂದಕ್ಕೆ ಕೈ ಚಾಚುತ್ತದೆ. ಪರಿಗ್ರಹವು ದುಃಖಕ್ಕೆ ಕಾರಣವೆಂದು ದೊಡ್ಡವರಿಗೆ ಬೋಧಿಸಿ, ಮಗುವಿಗೆ ಹುಟ್ಟುಹಬ್ಬಕ್ಕೊಂದು ರಾಶಿ ತರುವುದು ವಿಚಿತ್ರ ನೀತಿ. ಒಮ್ಮೆಗೆ ಮೂರು ಆಟಿಕೆ ಹೊರಗಿರಲಿ, ಉಳಿದುವು ಒಳಗಿರಲಿ, ಒಂದು ಬೇಕಾದರೆ ಒಂದನ್ನು ಒಳಗಿಡಲಿ. ಆಡಿ ಮುಗಿದ ಮೇಲೆ ತುಂಡುಗಳನ್ನು ಎಣಿಸಿ ಡಬ್ಬಿಗೆ ಹಾಕುವುದು ಆಟದ ಭಾಗವೇ ಆಗಲಿ.

ಬಸದಿಯ ಟ್ರಸ್ಟುಗಳು ಇಲ್ಲಿ ನೆರವಾಗಬಲ್ಲವು. ಚಿತ್ರಜೋಡಣೆಯನ್ನು ಹತ್ತು ಬಾರಿ ಗೆದ್ದ ಮಗುವಿಗೆ ಅದರಲ್ಲಿ ಕೆಲಸ ಉಳಿಯುವುದಿಲ್ಲ. ಇನ್ನೊಂದು ಮನೆಯ ಮಗುವಿಗೆ ಅದು ಹೊಸದು. ಪಾಠಶಾಲೆಯ ಗ್ರಂಥಭಂಡಾರದ ಒಂದು ಕಪಾಟನ್ನು ಆಟಿಕೆಗಳಿಗೆ ಬಿಟ್ಟು, ಪುಸ್ತಕಗಳಂತೆಯೇ ಹೆಸರು ಬರೆಸಿ ಕೊಟ್ಟು ಪಡೆಯುವ ಏರ್ಪಾಡು ಮಾಡಿದರೆ ಖರ್ಚು ಅತ್ಯಲ್ಪ. ತನಗೆ ಪ್ರಿಯವಾದ ವಸ್ತುವನ್ನು ತಾನೇ ಎಣಿಸಿ, ಒರೆಸಿ, ಕಾಣದ ಇನ್ನೊಂದು ಮಗುವಿಗಾಗಿ ಕಪಾಟಿನಲ್ಲಿ ಇಟ್ಟು ಬರುವ ಮಗುವಿಗೆ ದಾನದ ಪಾಠವನ್ನು ಬೇರೆ ಹೇಳಬೇಕಾಗಿಲ್ಲ.

ಏಕಾಂತವೂ ಒಂಟಿತನವೂ

ಕೊನೆಯದಾಗಿ ಒಂದು ಆಕ್ಷೇಪಣೆಗೆ ಉತ್ತರಿಸಬೇಕು. ಮಗುವನ್ನು ಒಬ್ಬನೇ ಆಡಲು ಬಿಡುವುದು ಅದನ್ನು ಸ್ವಾರ್ಥಿಯಾಗಿಸದೇ? ಜೀವಗಳು ಒಂದಕ್ಕೊಂದು ನೆರವಾಗಿ ಬಾಳಬೇಕೆಂಬ ತತ್ತ್ವಕ್ಕೆ ಇದು ವಿರೋಧವಲ್ಲವೇ?

ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ದಿನವಿಡೀ ಒಬ್ಬಂಟಿಯಾಗಿರುವ ಮಗುವಿಗೆ ತೊಡಕಿನ ಆಟಿಕೆ ಔಷಧವಲ್ಲ. ಅದಕ್ಕೆ ಬೇಕಾದುದು ಓರಗೆಯ ಮಕ್ಕಳು, ತಾಯಿಯ ಮಡಿಲು, ಅಜ್ಜಿಯ ಕಥೆ. ತಮ್ಮ ವಿರಾಮಕ್ಕಾಗಿ ಮಗುವನ್ನು ಆಟಿಕೆಯ ವಶಕ್ಕೆ ಒಪ್ಪಿಸುವ ಹಿರಿಯರು ಪರದೆಯ ಬದಲು ಮರವನ್ನು ಕೊಟ್ಟ ಮಾತ್ರಕ್ಕೆ ನಿರ್ದೋಷಿಗಳಾಗುವುದಿಲ್ಲ. ಆದರೆ ಬಳಿಯಲ್ಲಿ ತನ್ನವರಿದ್ದಾರೆಂಬ ಧೈರ್ಯದಲ್ಲಿ, ತನ್ನ ಇಚ್ಛೆಯಿಂದ, ತನ್ನ ಕೆಲಸದಲ್ಲಿ ಮುಳುಗಿರುವ ಮಗು ಒಂಟಿಯಲ್ಲ; ಅದು ಏಕಾಂತದಲ್ಲಿದೆ. ಹಿರಿಯರು ಸಾಮಾಯಿಕಕ್ಕೆ ಕುಳಿತು ನಲವತ್ತೆಂಟು ನಿಮಿಷ ಮನಸ್ಸನ್ನು ಒಂದೆಡೆ ನಿಲ್ಲಿಸಲು ಎಷ್ಟು ಹೆಣಗುತ್ತಾರೆಂಬುದನ್ನು ಅವರೇ ಬಲ್ಲರು. ಆ ಶಕ್ತಿ ಅರವತ್ತನೆಯ ವರ್ಷದಲ್ಲಿ ಹಠಾತ್ತನೆ ಬರುವಂಥದಲ್ಲ.

ಆದುದರಿಂದ ಮಗು ತುಂಡುಗಳ ಮುಂದೆ ಕುಳಿತಿರುವಾಗ ಊಟಕ್ಕೆ ಕರೆಯುವವರು ಒಂದು ಕ್ಷಣ ನಿಂತು ನೋಡಲಿ. ಆ ಪುಟ್ಟ ಕೈ ಒಂದು ತುಂಡನ್ನು ಎತ್ತಿ, ತಿರುಗಿಸಿ, ಹೊಂದದೆ ಕೆಳಗಿಟ್ಟು, ಮತ್ತೊಂದನ್ನು ಎತ್ತುತ್ತಿದ್ದರೆ ಅನ್ನ ಐದು ನಿಮಿಷ ಕಾಯಬಹುದು.